ಓದುಗರ ಪ್ರಶ್ನೆಗಳು: ‘ಪೆಟ್ ಸೌಂಡ್ಸ್’ ಇಂದಿಗೂ ಬೇರೆಯಾಗಿ ನಿಲ್ಲುವುದೇಕೆ?

ಅಮೆರಿಕದ ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ ಆಲ್ಬಂ ಕುರಿತು ಹಲವು ಓದುಗರು ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ಎಲ್ಲವೂ ಒಂದೇ ವಿಷಯಕ್ಕೆ ಸಂಬಂಧಿಸಿದವಾದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಪಾಪ್ ಸಂಗೀತದ ಶ್ರೇಷ್ಠ ಆಲ್ಬಂಗಳ ಪಟ್ಟಿ ಯಾವುದನ್ನು ನೋಡಿದರೂ ‘ಪೆಟ್ ಸೌಂಡ್ಸ್’ ಮೇಲಿನ ಸ್ಥಾನದಲ್ಲಿರುತ್ತದೆ. ಕುತೂಹಲದಿಂದ ಕೆಲವು ಬಾರಿ ಕೇಳಿದೆ. ಹಾಡುಗಳು ಇಂಪಾಗಿವೆ, ನಿಜ. ಆದರೆ ಇಷ್ಟೊಂದು ಹೊಗಳಿಕೆಗೆ ತಕ್ಕದ್ದು ಅದರಲ್ಲಿ ಏನಿದೆ ಎಂಬುದು ತಿಳಿಯಲಿಲ್ಲ. 1966ರ ಈ ಆಲ್ಬಂ ಯಾವ ಗುಣದಿಂದ ಇನ್ನೂ ಬೇರೆಯಾಗಿ ನಿಂತಿದೆ?

ಉತ್ತರ: ಮೊದಲ ಕೇಳ್ಮೆಗಳಲ್ಲಿ ಹೀಗನ್ನಿಸುವುದು ಸಹಜ, ಏಕೆಂದರೆ ಈ ಆಲ್ಬಂ ತನ್ನ ಹೊಸತನವನ್ನು ಎಲ್ಲಿಯೂ ಎತ್ತಿ ತೋರಿಸುವುದಿಲ್ಲ. ಅದರಲ್ಲಿರುವುದು ಹದಿಮೂರು ಪುಟ್ಟ ರಚನೆಗಳು, ಒಟ್ಟು ಅವಧಿ ಸುಮಾರು 36 ನಿಮಿಷ. ದೀರ್ಘವಾದ ಗಿಟಾರ್ ವಾದನವಿಲ್ಲ, ಕೂಗಾಟವಿಲ್ಲ, ಯುಗಪ್ರವರ್ತಕ ಘೋಷಣೆಗಳೂ ಇಲ್ಲ. ಹಾಡುತ್ತಿರುವ ಯುವಕನಿಗೆ ತನ್ನ ಪ್ರೀತಿಯ ಬಗೆಗಾಗಲಿ, ತನ್ನ ಬಗೆಗಾಗಲಿ ಯಾವ ಖಾತ್ರಿಯೂ ಇಲ್ಲ. ಆ ಅಸ್ಥಿರತೆಯನ್ನು ಮಾತಿಗಿಂತ ಮೊದಲು ಸಂಗೀತವೇ ಹೇಳಿಬಿಡುತ್ತದೆ ಎಂಬುದು ನನ್ನ ದೃಷ್ಟಿಯಲ್ಲಿ ಈ ಕೃತಿಯ ಅಸಲಿ ಸಾಧನೆ. ಅನುಮಾನಪಡುವ ಮನಸ್ಸನ್ನು ಕುರಿತು ಹಾಡು ಬರೆದವರು ಬೇಕಾದಷ್ಟು ಮಂದಿಯಿದ್ದಾರೆ; ಆ ಅನುಮಾನವನ್ನು ಸ್ವರಗಳ ಜೋಡಣೆಯ ಒಳಗೇ ಇಟ್ಟು, ಆದರೂ ಹಾಡನ್ನು ಕಿವಿಗೆ ಇಷ್ಟು ಮಧುರವಾಗಿ ಉಳಿಸಿಕೊಂಡವರು ಬಹಳ ಕಡಿಮೆ.

ಇದನ್ನು ತೋರಿಸಲು ‘ಗಾಡ್ ಓನ್ಲಿ ನೋಸ್’ ಹಾಡನ್ನೇ ತೆಗೆದುಕೊಳ್ಳೋಣ. ‘ನಿನ್ನನ್ನು ನಾನು ಸದಾ ಪ್ರೀತಿಸದೆಯೂ ಇರಬಹುದು’ ಎಂಬ ಅರ್ಥದ ಸಾಲಿನಿಂದ ಆರಂಭವಾಗುವ ಪ್ರೇಮಗೀತೆ ಅದು. ಪಾಶ್ಚಾತ್ಯ ಸಂಗೀತದಲ್ಲಿ ಒಟ್ಟಿಗೆ ನುಡಿಯುವ ಸ್ವರಗಳ ಗುಂಪನ್ನು ಕಾರ್ಡ್ ಎನ್ನುತ್ತಾರೆ. ಸಾಮಾನ್ಯ ಪಾಪ್ ಹಾಡಿನಲ್ಲಿ ಬೇಸ್ ಗಿಟಾರ್ ಆ ಗುಂಪಿನ ಮೂಲಸ್ವರವನ್ನೇ ಕೆಳಗಿನ ಸ್ಥಾಯಿಯಲ್ಲಿ ನುಡಿಸುತ್ತದೆ, ಕೇಳುಗನ ಕಿವಿಗೆ ಕಾಲೂರಲು ನೆಲ ಸಿಗುವುದು ಅದರಿಂದ. ಈ ಹಾಡನ್ನು ಸಂಯೋಜಿಸಿದ, ತಂಡದ ಬ್ರಯಾನ್ ವಿಲ್ಸನ್ ಅವರು ಹಲವು ಕಡೆ ಬೇಸ್‌ಗೆ ಆ ಮೂಲಸ್ವರವನ್ನು ಕೊಡದೆ ಅದೇ ಗುಂಪಿನ ಮೂರನೆಯ ಅಥವಾ ಐದನೆಯ ಸ್ವರವನ್ನು ಕೊಡುತ್ತಾರೆ. ಪರಿಣಾಮವಾಗಿ ಹಾಡಿನ ಷಡ್ಜ ಎಲ್ಲಿದೆ ಎಂಬುದೇ ಗಟ್ಟಿಯಾಗುವುದಿಲ್ಲ. ಅದು ಇ ಸ್ವರ ಷಡ್ಜವಾಗಿರುವ ಇ ಮೇಜರ್‌ನಲ್ಲಿದೆಯೋ ಎ ಸ್ವರ ಷಡ್ಜವಾಗಿರುವ ಎ ಮೇಜರ್‌ನಲ್ಲಿದೆಯೋ ಎಂಬುದು ಇಂದಿಗೂ ಸಂಗೀತ ವಿದ್ವಾಂಸರ ಚರ್ಚೆಯ ವಿಷಯ. ಹಾಡು ಮುಂದೆ ಸಾಗುತ್ತಲೇ ಇರುತ್ತದೆ, ಆದರೆ ಮನೆ ಮುಟ್ಟಿದೆ ಎಂಬ ಭಾವ ಎಲ್ಲಿಯೂ ಪೂರ್ತಿಯಾಗಿ ಬರುವುದಿಲ್ಲ. ಸಂಗೀತಶಾಸ್ತ್ರ ತಿಳಿಯದ ಕೇಳುಗನಿಗೂ ಇದು ಒಂದು ಬಗೆಯ ತಳಮಳವಾಗಿ ತಟ್ಟುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ, ಅಷ್ಟೇ.

ಅದೇ ಹಾಡಿನ ಕೊನೆಯನ್ನು ಗಮನವಿಟ್ಟು ಕೇಳಿ. ಒಂದು ಧ್ವನಿ ಪಲ್ಲವಿಯ ಸಾಲನ್ನು ಆರಂಭಿಸುತ್ತದೆ, ಅದು ಮುಗಿಯುವ ಮೊದಲೇ ಇನ್ನೊಂದು ಸೇರುತ್ತದೆ, ಅದರ ಬೆನ್ನಿಗೆ ಮತ್ತೊಂದು. ಬ್ರಯಾನ್ ಮತ್ತು ತಂಡದ ಇನ್ನೊಬ್ಬ ಗಾಯಕ ಬ್ರೂಸ್ ಜಾನ್ಸ್ಟನ್ ಅವರ ಧ್ವನಿಗಳಿಂದಲೇ ಕಟ್ಟಿದ ಈ ಸುತ್ತು ಒಂದು ನಿಲುಗಡೆಗೆ ಬರದೆ, ತಿರುಗುತ್ತಿರುವಾಗಲೇ ಸಣ್ಣದಾಗುತ್ತ ಹೋಗುತ್ತದೆ. ಹಾಡಿಗೆ ಅಂತ್ಯ ಹಾಡುವ ಒಂದು ಸ್ವರವನ್ನು ಸಂಯೋಜಕರು ಬೇಕೆಂದೇ ಕೊಟ್ಟಿಲ್ಲ.

ಆಲ್ಬಂನ ಮೊದಲ ಹಾಡು ‘ವುಡಂಟ್ ಇಟ್ ಬಿ ನೈಸ್’ ಹೊರನೋಟಕ್ಕೆ ಸಂತೋಷದ ಹಾಡು. ಮಿನುಗುವ ಗಿಟಾರ್ ನಾದದಿಂದ ಎ ಮೇಜರ್‌ನಲ್ಲಿ ಅದು ಆರಂಭವಾಗುತ್ತದೆ. ಕೆಲವೇ ಕ್ಷಣಗಳಲ್ಲಿ ಡ್ರಮ್ಮಿನ ಒಂದೇ ಒಂದು ಪೆಟ್ಟು ಬೀಳುತ್ತದೆ, ಅಷ್ಟರಲ್ಲಿ ಹಾಡು ಎಫ್ ಮೇಜರ್‌ಗೆ ಜಿಗಿದಿರುತ್ತದೆ. ನಡುವೆ ಸೇತುವೆಯೇ ಇಲ್ಲ. ಮದುವೆಯಾಗುವಷ್ಟು ವಯಸ್ಸು ನಮಗಿದ್ದಿದ್ದರೆ ಎಂದು ಕನಸು ಕಾಣುವ ಜೋಡಿಯ ಹಾಡಿಗೆ, ಕನಸಿನಿಂದ ವಾಸ್ತವಕ್ಕೆ ಬೀಳುವ ಇಂಥ ಆರಂಭ ಎಷ್ಟು ಒಪ್ಪುತ್ತದೆ ಎಂಬುದನ್ನು ಯೋಚಿಸಿ. ಹಾಡಿನ ಕೊನೆಯ ಭಾಗಕ್ಕೆ ಮುನ್ನ ಲಯವೇ ನಿಧಾನವಾಗಿ, ಬಹುತೇಕ ನಿಂತೇಹೋಗಿ, ಮತ್ತೆ ಚೇತರಿಸಿಕೊಳ್ಳುತ್ತದೆ. ರೇಡಿಯೋದಲ್ಲಿ ಬಿತ್ತರವಾಗಬೇಕಾದ, ಯುವಜನ ಕುಣಿಯಬೇಕಾದ ಪಾಪ್ ಹಾಡಿನಲ್ಲಿ ಲಯವನ್ನು ಹೀಗೆ ಕೈಬಿಡುವುದು ಆ ಕಾಲಕ್ಕೆ ದೊಡ್ಡ ಧೈರ್ಯ.

ಇನ್ನು ನಾದದ ಬಣ್ಣ. ನಿರ್ಮಾಪಕ ಫಿಲ್ ಸ್ಪೆಕ್ಟರ್ ಅವರ ಧ್ವನಿಮುದ್ರಣಗಳನ್ನು ಬ್ರಯಾನ್ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರು. ಹಲವು ವಾದ್ಯಗಳನ್ನು ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿ, ಯಾವುದು ಯಾವುದೆಂದು ಬಿಡಿಸಲಾಗದಂತೆ ಬೆರೆಸುವ ವಿಧಾನ ಅವರಿಂದ ಬಂದದ್ದು. ಆದರೆ ಸ್ಪೆಕ್ಟರ್ ಅವರಿಗೆ ಬೇಕಾಗಿದ್ದುದು ಭಾರೀ ನಾದದ ಗೋಡೆ. ಬ್ರಯಾನ್ ಅದೇ ವಿಧಾನದಿಂದ ಸೂಕ್ಷ್ಮವಾದ, ಹೆಸರಿಲ್ಲದ ಬಣ್ಣಗಳನ್ನು ತೆಗೆದರು. ‘ಯು ಸ್ಟಿಲ್ ಬಿಲೀವ್ ಇನ್ ಮಿ’ ಹಾಡಿನ ಆರಂಭದಲ್ಲಿ ಕೇಳುವ ವಾದ್ಯ ಯಾವುದೆಂದು ಥಟ್ಟನೆ ಹೇಳುವುದು ಕಷ್ಟ. ಅದು ಪಿಯಾನೋ. ಒಬ್ಬರು ಮಣೆಗಳನ್ನು ಒತ್ತಿ ಹಿಡಿದಾಗ ಇನ್ನೊಬ್ಬರು ಪಿಯಾನೋದ ಒಡಲಿಗೆ ಬಾಗಿ ತಂತಿಗಳನ್ನೇ ಮೀಟಿದ್ದಾರೆ. ಅದೇ ಹಾಡಿನಲ್ಲಿ ಮುಂದೆ ಸೈಕಲ್ಲಿನ ಗಂಟೆಯೂ ಹಾರ್ನ್ ಕೂಡ ಬರುತ್ತವೆ, ಆದರೂ ನಗು ಬರುವುದಿಲ್ಲ. ಹುಡುಗುತನ ಇನ್ನೂ ಬಿಟ್ಟುಹೋಗದವನೊಬ್ಬ ದೊಡ್ಡವನಾಗಲು ಹೆಣಗುತ್ತಿದ್ದಾನೆ ಎನ್ನಿಸುತ್ತದೆ. ‘ಕ್ಯಾರೊಲೈನ್, ನೋ’ ಹಾಡಿನ ಮೊದಲಿಗೆ ಕೇಳುವ ಟೊಳ್ಳು ಬಡಿತ ಡ್ರಮ್ ವಾದಕ ಹಾಲ್ ಬ್ಲೇನ್ ಅವರು ಖಾಲಿ ನೀರಿನ ದೊಡ್ಡ ಬಾಟಲಿಯ ಮೇಲೆ ನುಡಿಸಿದ್ದು. ‘ಐ ಜಸ್ಟ್ ವಾಸಂಟ್ ಮೇಡ್ ಫಾರ್ ದೀಸ್ ಟೈಮ್ಸ್’ ಹಾಡಿನಲ್ಲಿ ಕೊರಗಿದಂತೆ ಕೇಳುವುದು ಎಲೆಕ್ಟ್ರೋ ಥೆರಮಿನ್ ಎಂಬ ವಿದ್ಯುನ್ಮಾನ ವಾದ್ಯ. ನುಡಿಸಿದವರು ಪಾಲ್ ಟ್ಯಾನರ್. ನಾವು ಬದುಕುವ ಕಾಲವೇ ನಮಗೆ ಒಗ್ಗುತ್ತಿಲ್ಲ ಎನ್ನುವ ಹಾಡಿಗೆ ಅದಕ್ಕಿಂತ ಸರಿಯಾದ ಸಂಗಾತಿ ಸಿಗುತ್ತಿರಲಿಲ್ಲ. ಈ ಯಾವ ವಾದ್ಯವೂ ಚಮತ್ಕಾರಕ್ಕಾಗಿ ಬಂದಿಲ್ಲ, ಬಂದ ಕೆಲಸ ಮುಗಿದ ಮೇಲೆ ಉಳಿದೂ ಇಲ್ಲ. ಅನಂತರದ ದಶಕಗಳ ಎಷ್ಟೋ ಪ್ರಯೋಗಶೀಲ ಆಲ್ಬಂಗಳು ಇಂದು ಹಳತೆನ್ನಿಸಿದರೂ ಇದು ಹಾಗೆನ್ನಿಸದಿರುವುದು ಈ ಸಂಯಮದಿಂದ ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಈಗಿನ ಧ್ವನಿಮುದ್ರಣಗಳ ಮುಂದೆ ಇದರ ನಾದ ಮಂಕಾಗಿ, ಎಲ್ಲವೂ ಒಂದೇ ಕಡೆ ಒತ್ತಿಕೊಂಡಂತೆ ಕೇಳುತ್ತದೆ. ಸ್ಟೀರಿಯೋ ಆವೃತ್ತಿಯೂ ಇದೆಯಂತೆ. ಯಾವುದನ್ನು ಕೇಳಬೇಕು?

ಉತ್ತರ: ಆಲ್ಬಂ 1966ರ ಮೇ 16ರಂದು ಹೊರಬಂದದ್ದು ಮಾನೋದಲ್ಲಿ, ಅಂದರೆ ಎಲ್ಲ ನಾದವೂ ಒಂದೇ ವಾಹಿನಿಯಲ್ಲಿ. ಬ್ರಯಾನ್ ಅವರಿಗೆ ಬಲಗಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಎಡ ಬಲ ಹಂಚಿಕೆಯ ಸ್ಟೀರಿಯೋ ಅನುಭವ ಅವರಿಗೆ ದಕ್ಕುವಂತಿರಲಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಕಾರಣವೆಂದರೆ, ವಾದ್ಯಗಳ ಪರಸ್ಪರ ಪ್ರಮಾಣ ತಾನು ತೀರ್ಮಾನಿಸಿದಂತೆಯೇ ಕೇಳುಗನನ್ನು ತಲುಪಬೇಕೆಂಬ ಹಂಬಲ. ಕೇಳುಗ ಕೋಣೆಯ ಯಾವ ಮೂಲೆಯಲ್ಲಿ ಕುಳಿತರೂ ಮಾನೋದಲ್ಲಿ ಆ ಪ್ರಮಾಣ ಕದಲುವುದಿಲ್ಲ.

ನಾದ ಮಂಕೆನ್ನಿಸುವುದಕ್ಕೆ ತಾಂತ್ರಿಕ ಕಾರಣವೂ ಇದೆ. ಲಾಸ್ ಏಂಜಲೀಸ್‌ನ ವೆಸ್ಟರ್ನ್ ರೆಕಾರ್ಡರ್ಸ್‌ನಂಥ ಸ್ಟುಡಿಯೋಗಳಲ್ಲಿ ವಾದ್ಯಗಳನ್ನು ಕೆಲವೇ ಟ್ರ್ಯಾಕ್‌ಗಳ (ನಾದವನ್ನು ಬೇರೆಬೇರೆಯಾಗಿ ಹಿಡಿದಿಡುವ ಸಾಲುಗಳ) ಟೇಪಿಗೆ ಮುದ್ರಿಸಿಕೊಂಡು, ಅನಂತರ ಆ ಇಡೀ ವಾದ್ಯಮೇಳವನ್ನು ಇನ್ನೊಂದು ಟೇಪಿನ ಒಂದೇ ಟ್ರ್ಯಾಕಿಗೆ ಇಳಿಸಲಾಗುತ್ತಿತ್ತು. ಉಳಿದ ಟ್ರ್ಯಾಕ್‌ಗಳೆಲ್ಲ ಧ್ವನಿಗಳಿಗೆ ಮೀಸಲು. ಗಾಯನದ ಬಹುಭಾಗ ಮುದ್ರಣವಾದ ಕೊಲಂಬಿಯಾ ಸ್ಟುಡಿಯೋದಲ್ಲಿ ಎಂಟು ಟ್ರ್ಯಾಕ್‌ಗಳ ಯಂತ್ರವಿತ್ತು. ಆ ಕಾಲಕ್ಕೆ ಅದು ಅಪರೂಪದ ಸೌಲಭ್ಯ. ಟೇಪಿನಿಂದ ಟೇಪಿಗೆ ಹೀಗೆ ನಕಲಾಗುವಾಗ ನಾದ ಸ್ವಲ್ಪಸ್ವಲ್ಪವಾಗಿ ತನ್ನ ಹೊಳಪನ್ನು ಕಳೆದುಕೊಳ್ಳುತ್ತದೆ.

1997ರಲ್ಲಿ ‘ದ ಪೆಟ್ ಸೌಂಡ್ಸ್ ಸೆಷನ್ಸ್’ ಸಂಪುಟಕ್ಕಾಗಿ ಎಂಜಿನಿಯರ್ ಮಾರ್ಕ್ ಲಿನೆಟ್ ಅವರು ಮೂಲ ವಾದ್ಯಟೇಪುಗಳನ್ನೂ ಗಾಯನದ ಟೇಪುಗಳನ್ನೂ ಒಂದಕ್ಕೊಂದು ಹೊಂದಿಸಿ ಮೊದಲ ಬಾರಿಗೆ ನಿಜವಾದ ಸ್ಟೀರಿಯೋ ಮಿಶ್ರಣವನ್ನು ಸಿದ್ಧಪಡಿಸಿದರು. ನನ್ನ ಸಲಹೆ ಇಷ್ಟು: ಮೊದಲು ಮಾನೋ ಕೇಳಿ, ಏಕೆಂದರೆ ಕೃತಿ ಅದೇ. ಹಾಡುಗಳು ಮನಸ್ಸಿನಲ್ಲಿ ನೆಲೆಯಾದ ಮೇಲೆ ಸ್ಟೀರಿಯೋ ಕೇಳಿದರೆ, ಇದುವರೆಗೆ ಒಂದೇ ಎನ್ನಿಸಿದ್ದ ನಾದದೊಳಗೆ ಅಕಾರ್ಡಿಯನ್ ಎಲ್ಲಿತ್ತು, ಕೊಳಲು ಎಲ್ಲಿತ್ತು ಎಂಬುದು ಬಿಡಿಯಾಗಿ ಕಾಣುತ್ತದೆ. ಅದೇ ಸಂಪುಟದಲ್ಲಿ ವಾದ್ಯಗಳನ್ನು ತೆಗೆದು ಧ್ವನಿಗಳನ್ನಷ್ಟೇ ಉಳಿಸಿದ ಟ್ರ್ಯಾಕ್‌ಗಳೂ ಇವೆ. ಅವನ್ನು ತಪ್ಪದೆ ಕೇಳಿ.

ಪ್ರಶ್ನೆ: ಸಾಹಿತ್ಯ ತೀರಾ ಸರಳವಾಗಿಲ್ಲವೇ? ಅದೇ ವರ್ಷಗಳಲ್ಲಿ ಪಾಪ್ ಮತ್ತು ರಾಕ್ ಗೀತೆಗಳು ಕಾವ್ಯದ ಎತ್ತರಕ್ಕೆ ಏರುತ್ತಿದ್ದವಲ್ಲ.

ಉತ್ತರ: ಸರಳವಾಗಿದೆ, ಮತ್ತು ಹಾಗಿರುವುದೇ ಸರಿ. ಬಹುಪಾಲು ಹಾಡುಗಳ ಸಾಹಿತ್ಯವನ್ನು ಬ್ರಯಾನ್ ಜೊತೆ ಕುಳಿತು ಬರೆದ ಟೋನಿ ಆಷರ್ ಅವರು ವೃತ್ತಿಯಿಂದ ಜಾಹೀರಾತು ಬರಹಗಾರರು. ಹೇಳಬೇಕಾದುದನ್ನು ಯಾರಿಗೂ ಅರ್ಥವಾಗುವ ಕೆಲವೇ ಮಾತುಗಳಲ್ಲಿ ಹೇಳುವುದು ಅವರ ದಿನನಿತ್ಯದ ಕೆಲಸವಾಗಿತ್ತು. ಇಬ್ಬರೂ ಮೊದಲು ತಮ್ಮ ಪ್ರೀತಿ, ಭಯ, ಬೇಸರಗಳನ್ನು ಕುರಿತು ಗಂಟೆಗಟ್ಟಲೆ ಮಾತನಾಡಿ, ಅನಂತರ ಹಾಡಿಗೆ ಕೈ ಹಾಕುತ್ತಿದ್ದರು. ಅದಕ್ಕೇ ಈ ಸಾಲುಗಳಲ್ಲಿ ಆಪ್ತರ ನಡುವಿನ ಮಾತಿನ ಲಯವಿದೆ. ಸಂಗೀತ ಇಷ್ಟು ಸಂಕೀರ್ಣವಾಗಿರುವಾಗ ಪದಗಳೂ ರೂಪಕಗಳ ಭಾರ ಹೊತ್ತಿದ್ದರೆ ಹಾಡು ಕುಸಿಯುತ್ತಿತ್ತು. ‘ಡೋಂಟ್ ಟಾಕ್’ ಹಾಡಂತೂ ಮಾತೇ ಬೇಡ ಎನ್ನುವ ಹಾಡು. ಅದರಲ್ಲಿ ತಂಡದ ಪ್ರಸಿದ್ಧ ಮೇಳಗಾಯನವೂ ಇಲ್ಲ, ಬ್ರಯಾನ್ ಅವರ ಒಂಟಿ ಧ್ವನಿ ಮತ್ತು ತಂತಿವಾದ್ಯಗಳದೇ ಪ್ರಾಧಾನ್ಯ. ಇಡೀ ಆಲ್ಬಂನಲ್ಲಿ ನನಗೆ ಅತ್ಯಂತ ಪ್ರಿಯವಾದ ಹಾಡು ಅದು.

ಪ್ರಶ್ನೆ: ವಾದ್ಯ ನುಡಿಸಿದವರು ಬಾಡಿಗೆ ಕಲಾವಿದರು, ಸಂಯೋಜನೆ ಬ್ರಯಾನ್ ಒಬ್ಬರದು ಎಂದ ಮೇಲೆ ಇದನ್ನು ಬೀಚ್ ಬಾಯ್ಸ್ ತಂಡದ ಆಲ್ಬಂ ಎನ್ನುವುದು ನ್ಯಾಯವೇ?

ಉತ್ತರ: ಖಂಡಿತ ನ್ಯಾಯ. ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಹಾಥಾರ್ನ್‌ನಲ್ಲಿ 1961ರಲ್ಲಿ ಹುಟ್ಟಿದ ಈ ತಂಡದಲ್ಲಿದ್ದವರು ಸೋದರರಾದ ಬ್ರಯಾನ್, ಡೆನ್ನಿಸ್ ಮತ್ತು ಕಾರ್ಲ್ ವಿಲ್ಸನ್, ಅವರ ಸೋದರಸಂಬಂಧಿ ಮೈಕ್ ಲವ್ ಹಾಗೂ ಗೆಳೆಯ ಅಲ್ ಜಾರ್ಡಿನ್. 1964ರ ಡಿಸೆಂಬರಿನಲ್ಲಿ ಹ್ಯೂಸ್ಟನ್‌ಗೆ ಹೊರಟ ವಿಮಾನದಲ್ಲಿ ಬ್ರಯಾನ್ ತೀವ್ರವಾದ ಮಾನಸಿಕ ಆಘಾತಕ್ಕೆ ಒಳಗಾದರು. ಅದಾದ ಮೇಲೆ ಅವರು ತಂಡದ ಪ್ರವಾಸಗಳಿಂದ ಹಿಂದೆ ಸರಿದು ಸ್ಟುಡಿಯೋದಲ್ಲೇ ಉಳಿದರು. ವೇದಿಕೆಯಲ್ಲಿ ಅವರ ಜಾಗಕ್ಕೆ ಮೊದಲು ಗ್ಲೆನ್ ಕ್ಯಾಂಬೆಲ್, ಬಳಿಕ ಬ್ರೂಸ್ ಜಾನ್ಸ್ಟನ್ ಬಂದರು. 1966ರ ಆರಂಭದಲ್ಲಿ ಉಳಿದವರು ಜಪಾನ್ ಪ್ರವಾಸದಲ್ಲಿದ್ದಾಗ ಬ್ರಯಾನ್ ವಾದ್ಯಮೇಳದ ದೊಡ್ಡ ಭಾಗವನ್ನು ಸಿದ್ಧಪಡಿಸುತ್ತಿದ್ದರು. ನುಡಿಸಿದವರು ‘ರೆಕಿಂಗ್ ಕ್ರೂ’ ಎಂದು ಹೆಸರಾದ ಲಾಸ್ ಏಂಜಲೀಸ್‌ನ ವೃತ್ತಿಪರ ಕಲಾವಿದರು: ಹಾಲ್ ಬ್ಲೇನ್, ಬೇಸ್ ಗಿಟಾರಿನ ಕ್ಯಾರಲ್ ಕೇ, ನಿಲುಬೇಸಿನ ಲೈಲ್ ರಿಟ್ಜ್, ಕೀಬೋರ್ಡಿನ ಡಾನ್ ರ‍್ಯಾಂಡಿ ಮೊದಲಾದವರು. ಬ್ರಯಾನ್ ಬರೆದು ತಂದದ್ದನ್ನು ನುಡಿಸುವುದಷ್ಟೇ ಅವರ ಪಾತ್ರವಾಗಿರಲಿಲ್ಲ. ‘ಗಾಡ್ ಓನ್ಲಿ ನೋಸ್’ ಹಾಡಿನ ನಡುವಿನ ವಾದ್ಯಭಾಗವನ್ನು ತುಂಡುತುಂಡು ಸ್ವರಗಳಾಗಿ ನುಡಿಸುವ ಉಪಾಯ ಬಂದದ್ದು ವಾದಕರ ಕಡೆಯಿಂದಲೇ. ಕೂಡಲೇ ಅದನ್ನು ಒಪ್ಪಿಕೊಂಡದ್ದು ಬ್ರಯಾನ್ ಅವರ ದೊಡ್ಡತನ.

ಆದರೆ ಈ ಎಲ್ಲದರ ಮೇಲೆ ಬಂದು ಕೂರುವ ಧ್ವನಿಗಳು ಯಾರವು? ಒಂದೇ ಮನೆಯಲ್ಲಿ ಬೆಳೆದವರ ಕಂಠಗಳಿಗೆ ತಾನಾಗಿ ಬರುವ ಹೊಂದಿಕೆಯನ್ನು ಯಾವ ಬಾಡಿಗೆ ಗಾಯಕರಿಂದಲೂ ಪಡೆಯಲಾಗದು. ಬ್ರಯಾನ್ ತಮ್ಮ ಅತ್ಯುತ್ತಮ ಹಾಡಾದ ‘ಗಾಡ್ ಓನ್ಲಿ ನೋಸ್’ ಅನ್ನು ತಾವೇ ಹಾಡಬಹುದಾಗಿತ್ತು. ಅದನ್ನು ಅವರು ತಮ್ಮ ಕಿರಿಯ ತಮ್ಮ, ಆಗ 19 ವರ್ಷದ ಕಾರ್ಲ್‌ಗೆ ಕೊಟ್ಟರು. ಕಾರ್ಲ್ ಧ್ವನಿಯಲ್ಲಿ ಒತ್ತಾಯವಿಲ್ಲ, ಪ್ರದರ್ಶನವಿಲ್ಲ. ಆ ಸಂದಿಗ್ಧದ ಸಾಲುಗಳು ಆ ಧ್ವನಿಯಲ್ಲಿ ಪ್ರಾರ್ಥನೆಯ ಹಾಗೆ ಕೇಳುತ್ತವೆ. ಮೈಕ್ ಲವ್ ಅವರನ್ನು ಈ ಆಲ್ಬಂನ ವಿರೋಧಿ ಎಂದು ಚಿತ್ರಿಸುವ ಬರಹಗಳು ಬಹಳ. ‘ಹ್ಯಾಂಗ್ ಆನ್ ಟು ಯುವರ್ ಈಗೊ’ ಎಂಬ ಹಾಡಿನ ಸಾಹಿತ್ಯಕ್ಕೆ ಅವರ ಆಕ್ಷೇಪಣೆ ಇತ್ತು, ಅದು ‘ಐ ನೋ ದೇರ್ಸ್ ಆ್ಯನ್ ಆನ್ಸರ್’ ಎಂದು ಬದಲಾಯಿತು, ನಿಜ. ಆದರೆ ‘ಹಿಯರ್ ಟುಡೇ’ ಹಾಡಿನಲ್ಲಿ ಪ್ರಮುಖ ಧ್ವನಿ ಅವರದೇ, ಮತ್ತು ಅದನ್ನು ಅವರು ಬಹಳ ಚೆನ್ನಾಗಿ ನಿಭಾಯಿಸಿದ್ದಾರೆ.

ಪ್ರಶ್ನೆ: ಬಿಡುಗಡೆಯಾದಾಗ ಅಮೆರಿಕದಲ್ಲಿ ಇದು ಹೆಚ್ಚು ಓಡಲಿಲ್ಲ ಎನ್ನುತ್ತಾರೆ. ಬೀಟಲ್ಸ್ ತಂಡಕ್ಕೂ ಇದಕ್ಕೂ ಇರುವ ನಂಟೇನು?

ಉತ್ತರ: ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 10ನೇ ಸ್ಥಾನದವರೆಗೆ ಏರಿತು. ಬೇರೆ ತಂಡಕ್ಕಾಗಿದ್ದರೆ ಅದು ಗೆಲುವೇ ಆಗುತ್ತಿತ್ತು, ಆದರೆ ಈ ತಂಡದ ಹಿಂದಿನ ಹಲವು ಆಲ್ಬಂಗಳು ಅದಕ್ಕಿಂತ ಮೇಲೆ ಹೋಗಿದ್ದವು. ಕಡಲ ಅಲೆ, ಕಾರು, ಬೇಸಿಗೆ ಎಂದು ಹಾಡುತ್ತಿದ್ದವರಿಂದ ಅಭಿಮಾನಿಗಳು ಮತ್ತೆ ಅದನ್ನೇ ಬಯಸಿದ್ದರು. ಪ್ರಕಾಶಕರಾದ ಕ್ಯಾಪಿಟಲ್ ರೆಕಾರ್ಡ್ಸ್ ಎರಡು ತಿಂಗಳು ತುಂಬುವ ಮೊದಲೇ, ಜುಲೈನಲ್ಲಿ, ತಂಡದ ಹಳೆಯ ಜನಪ್ರಿಯ ಹಾಡುಗಳ ಸಂಕಲನವೊಂದನ್ನು ಹೊರತಂದದ್ದು ಹೊಸ ಆಲ್ಬಂಗೆ ಅನುಕೂಲವಾಗಲಿಲ್ಲ. ಬ್ರಿಟನ್ನಿನಲ್ಲಿ ಮಾತ್ರ ಅದು 2ನೇ ಸ್ಥಾನಕ್ಕೇರಿತು.

ಬೀಟಲ್ಸ್ ನಂಟು ಎರಡೂ ಕಡೆಯಿಂದ ಇದೆ. 1965ರ ಡಿಸೆಂಬರಿನಲ್ಲಿ ಬಂದ ಅವರ ‘ರಬ್ಬರ್ ಸೋಲ್’ ಆಲ್ಬಂ ಕೇಳಿದ ಬ್ರಯಾನ್, ಒಂದೆರಡು ಹಿಟ್ ಹಾಡುಗಳ ಸುತ್ತ ಉಳಿದ ಜಾಗ ತುಂಬಿಸುವ ಬದಲು ಎಲ್ಲ ಹಾಡುಗಳೂ ಒಂದೇ ಮಟ್ಟದಲ್ಲಿ ನಿಲ್ಲುವ ಆಲ್ಬಂ ಸಾಧ್ಯ ಎಂಬುದನ್ನು ಕಂಡು ಬೆರಗಾದರು. 1966ರ ಮೇ ತಿಂಗಳಲ್ಲಿ ಬ್ರೂಸ್ ಜಾನ್ಸ್ಟನ್ ‘ಪೆಟ್ ಸೌಂಡ್ಸ್’ ಪ್ರತಿಯೊಂದಿಗೆ ಲಂಡನ್ನಿಗೆ ಹೋದಾಗ ಅಲ್ಲಿಯ ಹೋಟೆಲ್ ಕೋಣೆಯಲ್ಲಿ ಅದನ್ನು ಕೇಳಿದವರಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಇದ್ದರು. ಮರುವರ್ಷದ ತಮ್ಮ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಆಲ್ಬಂಗೆ ಇದೇ ಪ್ರೇರಣೆ ಎಂದು ಮೆಕಾರ್ಟ್ನಿ ಅವರೂ, ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೂ ಮುಕ್ತವಾಗಿ ಒಪ್ಪಿಕೊಂಡಿದ್ದಾರೆ. ಪ್ರೇರಣೆ ಎಂದರೆ ಸಾಮಾನ್ಯವಾಗಿ ವಾದ್ಯವೈವಿಧ್ಯವನ್ನಷ್ಟೇ ಹೇಳುವುದುಂಟು. ಸ್ವತಃ ಬೇಸ್ ವಾದಕರಾದ ಮೆಕಾರ್ಟ್ನಿ ಅವರ ಗಮನ ಸೆಳೆದದ್ದು ನಾನು ಮೊದಲ ಉತ್ತರದಲ್ಲಿ ಹೇಳಿದ ಆ ಬೇಸ್ ನಡೆ: ಮೂಲಸ್ವರಕ್ಕೆ ಅಂಟಿಕೊಳ್ಳದೆ ತನ್ನದೇ ರಾಗವನ್ನು ಹಿಡಿದು ಹೋಗುವ ಸ್ವಾತಂತ್ರ್ಯ. ಅಲ್ಲಿಂದಾಚೆಗೆ ಅವರು ನುಡಿಸಿದ ಬೇಸ್ ಕೇಳಿದರೆ ಇದರ ಗುರುತು ಸ್ಪಷ್ಟವಾಗಿ ಸಿಗುತ್ತದೆ.

ಪ್ರಶ್ನೆ: ಹದಿಮೂರರಲ್ಲಿ ಒಂದೂ ಸಪ್ಪೆಯಾದ ರಚನೆ ಇಲ್ಲವೇ?

ಉತ್ತರ: ಸಪ್ಪೆಯಾದದ್ದು ಇಲ್ಲ, ಸ್ಥಳ ತಪ್ಪಿದ್ದು ಒಂದಿದೆ. ‘ಸ್ಲೂಪ್ ಜಾನ್ ಬಿ’ ಬಹಾಮಾ ದ್ವೀಪಗಳ ಜಾನಪದ ಹಾಡು, ಅಲ್ ಜಾರ್ಡಿನ್ ಅವರ ಸಲಹೆಯಿಂದ ತಂಡಕ್ಕೆ ಬಂದದ್ದು. ಅದರ ವಾದ್ಯಮೇಳ 1965ರಲ್ಲೇ ಮುದ್ರಣವಾಗಿತ್ತು. ಬಿಡಿ ಹಾಡಾಗಿ ಅದು ಅಮೆರಿಕದಲ್ಲಿ 3ನೇ ಸ್ಥಾನ ಗಳಿಸಿತು, ಅದರ ಮೇಳಗಾಯನ ಅದ್ಭುತವಾಗಿದೆ. ಆದರೆ ಉಳಿದ ಹಾಡುಗಳಲ್ಲಿ ಒಬ್ಬನ ಅಂತರಂಗದ ಮಾತು ನಡೆದಿರುವಾಗ ಹಡಗಿನವರ ಈ ಕಥೆ ಹೊರಗಿನಿಂದ ಬಂದಂತೆ ಕಾಣುತ್ತದೆ. ಅದೇ ತಿಂಗಳುಗಳಲ್ಲಿ ಆರಂಭವಾಗಿದ್ದ ‘ಗುಡ್ ವೈಬ್ರೇಷನ್ಸ್’ ಹಾಡನ್ನು ಬ್ರಯಾನ್ ಇನ್ನೂ ಪಕ್ವವಾಗಿಲ್ಲವೆಂದು ಆಲ್ಬಂನಿಂದ ಹೊರಗಿಟ್ಟರು. ಅಕ್ಟೋಬರಿನಲ್ಲಿ ಬಿಡುಗಡೆಯಾಗಿ ಅದು ಮೊದಲ ಸ್ಥಾನಕ್ಕೇರಿತು. ‘ಸ್ಲೂಪ್ ಜಾನ್ ಬಿ’ ಇದ್ದ ಜಾಗಕ್ಕೆ ಅದು ಬಂದಿದ್ದರೆ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ‘ಗುಡ್ ವೈಬ್ರೇಷನ್ಸ್’ ಸಂಭ್ರಮದ, ಆತ್ಮವಿಶ್ವಾಸದ ಹಾಡು, ಈ ಹುಡುಗನ ಬಾಯಲ್ಲಿ ಅದು ಬರುವಂತಿರಲಿಲ್ಲ.